ಉಲ್ಟಾ ಕೆತ್ತಬೇಕು

ಗ್ರಿಮ್ಸ್‌ಬಿಯ ಹಳೆಯ ಮೀನುಬಂದರಿನ ಬೆನ್ನಿಗೆ
ಬಲೆ ಹೊಲಿಯುತ್ತಿದ್ದ ಅಂಗಡಿಯ ಮಾಳಿಗೆ.
ಬಲೆ ಹೋಗಿ ಇಪ್ಪತ್ತು ವರ್ಷವಾದರೂ
ಮಳೆಯ ದಿನ ಗೋಡೆ ಈಗಲೂ ಮೀನು ನಾರುತ್ತದೆ.
ಮಂಗಳವಾರ, ಸಂಜೆ ಐದೂವರೆ.
ಹೀಟರು ಒಂದು, ಉಳಿ ಒಂಬತ್ತು,
ಬಿಸ್ಕತ್ತು ಎಷ್ಟಿದ್ದರೂ ಸಾಲದು.

ನಾನಿಲ್ಲಿ ಲೆಕ್ಕ ಬರೆಯುವವಳು.
ಶಾಯಿಗೆ ಇಷ್ಟು, ಅವರ ಬಸ್ಸಿಗೆ ಇಷ್ಟು,
ಬಾಡಿಗೆ ಎರಡು ತಿಂಗಳು ಬಾಕಿ.
ಕಲಿಸುವವಳು ವಿನಿಫ್ರೆಡ್, ಎಪ್ಪತ್ತರ ಹತ್ತಿರ.
ಮೀನಿನ ಡಬ್ಬಿಗಳಿಗೆ ಚೀಟಿ ಅಚ್ಚು ಹಾಕುತ್ತಿದ್ದಳಂತೆ;
ಹೆಬ್ಬೆರಳಿನ ಉಗುರಲ್ಲಿ ಒಂದು ಕಪ್ಪು ಗೆರೆ
ಯಾವ ಸಾಬೂನಿಗೂ ಬಗ್ಗದ್ದು.

ಬರುವ ಮಕ್ಕಳು (ಮಕ್ಕಳೆಂದರೆ ಸಿಟ್ಟಾಗುತ್ತಾರೆ)
ಹದಿನೆಂಟು ತುಂಬಿದ ಬೆಳಗ್ಗೆ
ಸರ್ಕಾರ ಕೈ ತೊಳೆದುಕೊಂಡವರು.
ಕಡತದ ಭಾಷೆಯಲ್ಲಿ 'ಆರೈಕೆ ಬಿಟ್ಟವರು'.
ಬಿಟ್ಟವರು ಯಾರು, ಯಾರನ್ನು,
ವ್ಯಾಕರಣ ಬಾಯಿ ಬಿಡುವುದಿಲ್ಲ.

ಟೀಗನ್ ಬಂದ ದಿನವೇ ಇಡೀ ಮೇಜು ಹಿಡಿದಳು.
ಹನ್ನೊಂದು ಸಲ ಎತ್ತಂಗಡಿಯಾದವಳು.
ಹನ್ನೊಂದು ಅಡುಗೆಮನೆಗಳಲ್ಲಿ
ಚಮಚದ ಡ್ರಾಯರು ಯಾವ ಕಡೆಯಿತ್ತೆಂದು
ಕಣ್ಣು ಮುಚ್ಚಿ ಹೇಳಬಲ್ಲಳು.
ಡೆಕ್ಲನ್ ಮಾತ್ರ ಮೂರು ವಾರ ಬಾಗಿಲಲ್ಲೇ ನಿಂತ,
ಕೋಟಿನ ಜಿಪ್ಪು ಗಲ್ಲದವರೆಗೆ.
ಕೂತರೆ ತಾನೇ ಎಬ್ಬಿಸುವುದು?

'ಇದು ಲಿನೋಲಿಯಂ,' ಅಂದಳು ವಿನಿಫ್ರೆಡ್.
'ನೆಲಕ್ಕೆ ಹಾಸುತ್ತಿದ್ದುದು.
ಕಂಡವರ ನೆಲ ಬೇಕಾದಷ್ಟು ತುಳಿದಿದ್ದೀರಿ,
ಇದನ್ನು ಕೆತ್ತಿ.
ಉಳಿ ಆಚೆಗೆ ಹೋಗಲಿ, ಕೈಯ ಕಡೆಗೆ ಬೇಡ.
ಅಕ್ಷರವಾದರೆ ಉಲ್ಟಾ.'
ಕೊನೆಯ ಮಾತು ಟೀಗನ್ ಕೇಳಿಸಿಕೊಳ್ಳಲಿಲ್ಲ,
ನಾಲಿಗೆ ಹಲ್ಲಿಗೆ ಕಚ್ಚಿ
ಆಗಲೇ ಶುರುಮಾಡಿದ್ದಳು
ಹೊಸ ಫ್ಲಾಟಿನ ನಂಬರು, ಇಪ್ಪತ್ತೇಳು,
ಅವಳ ಹೆಸರಿಗೇ ಬಂದ ಮೊದಲ ಬಾಗಿಲು.

ಶಾಯಿ ಬಳಿದು, ಕಾಗದವಿಟ್ಟು,
ಚಮಚದ ಬೆನ್ನಿನಿಂದ ಉಜ್ಜಿ
ಎತ್ತಿದರೆ
ಏಳು ಮುಂದೆ ನುಗ್ಗಿ, ಎರಡು ಹಿಂದೆ ಸರಿದು
ಮುಖ ತಿರುಗಿಸಿಕೊಂಡಿದ್ದವು
ಜಗಳವಾಡಿದ ನೆರೆಯವರ ಹಾಗೆ.
ಯಾರೋ ಕಿಸಕ್ಕೆಂದರು.
ಅಚ್ಚು ಗೋಡೆಗೆ ಬಡಿಯಿತು. ಮೆಟ್ಟಿಲು ದಡದಡ.

'ಯಾರೂ ಹಿಂದೆ ಓಡಬೇಡಿ,' ವಿನಿಫ್ರೆಡ್,
'ಕೆಟಲು ಹಾಕಿ.'
ಓಡಬೇಕೆಂದು ಎದ್ದವಳು ನಾನೇ. ಕೂತೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ,
ಅಚ್ಚಿಗೆ ಬೇಕು.
ಅದನ್ನು ಮೊದಲೇ ಜೋರಾಗಿ ಹೇಳಬಾರದಿತ್ತೆ ಇವಳು?

ಇಪ್ಪತ್ತು ನಿಮಿಷಕ್ಕೆ ಬಂದಳು, ಕೂದಲೆಲ್ಲ ಒದ್ದೆ.
ಸಾರಿ ಅನ್ನಲಿಲ್ಲ. ಬಿಸ್ಕತ್ತು ತೆಗೆದುಕೊಂಡಳು.
ಆಗ ಡೆಕ್ಲನ್
ಆ ಕಾಗದವನ್ನು ನೆಲದಿಂದೆತ್ತಿ
ತುದಿಗಳೆರಡನ್ನು ಹಿಡಿದು ನೋಡುತ್ತಿದ್ದ,
ಒದ್ದೆ ಶಾಯಿ ಅವನ ಬೆರಳಿಗೆ.
'ತಪ್ಪೇನಿಲ್ಲ ಇದು,' ಅಂದ,
ನಾವು ಕೇಳಿದ ಅವನ ಮೊದಲ ಮಾತು.
'ಬಾಗಿಲ ಮೇಲಿನ ಗಾಜಿನಲ್ಲಿ ನಂಬರು ಬರೆದಿರುತ್ತಾರಲ್ಲ,
ಒಳಗಿನಿಂದ ಹೀಗೇ ಕಾಣುವುದು.
ಸೋಷಿಯಲ್ ವರ್ಕರಿನ ಕಾರಿಗೆ ಕಾಯುವಾಗ
ಬ್ಯಾಗಿನ ಮೇಲೆ ಕೂತು ನೋಡ್ತಾ ಇರ್ತಿದ್ದೆ.'
ಆಮೇಲೆ, ಅವಳಿಗೆ ಮಾತ್ರ:
'ನೀನೀಗ ಒಳಗಿದ್ದೀಯ, ಅಷ್ಟೇ.'

ಹೀಟರು ಟಿಕ್ ಟಿಕ್ ಅನ್ನುತ್ತಿತ್ತು.
ಟೀಗನ್ ಮತ್ತೆ ಶಾಯಿ ಬಳಿದಳು,
ಅದೇ ಉಲ್ಟಾ ಇಪ್ಪತ್ತೇಳನ್ನು ಹದಿಮೂರು ಸಲ ತೆಗೆದಳು,
ಒಂದು ತಿಂಗಳ ಕಾಗದ ಒಂದೇ ಸಂಜೆಗೆ.

ಹಣ ಕೊಡುವವರ ಫಾರಮ್ಮು ಕೇಳುತ್ತದೆ:
ಎಷ್ಟು ಜನಕ್ಕೆ ಕೆಲಸ? ಎಷ್ಟು ಜನಕ್ಕೆ ತರಬೇತಿ?
ಬೇರೆ ಏನಾದರೂ, ಇನ್ನೂರು ಪದ ಮೀರದಂತೆ?
ಒಬ್ಬನ ಜಿಪ್ಪು ಅರ್ಧ ಇಳಿದದ್ದನ್ನು
ಯಾವ ಚೌಕದಲ್ಲಿ ತುಂಬಲಿ?
ಖಾಲಿ ಬಿಟ್ಟು, ಕಾಗದದ ಖರ್ಚು ಮಾತ್ರ ಬರೆದೆ.

ಬೀಗ ಹಾಕಿ ಮನೆಗೆ ಬಂದಾಗ ಹತ್ತು.
ಲೈಟು ಹಾಕದೆ ಒಳಗೆ ನಿಂತು ಕತ್ತೆತ್ತಿದೆ.
ಬೀದಿದೀಪ ಗಾಜಿನ ಹಿಂದೆ.
ಮೂವತ್ತೆರಡು ವರ್ಷದಿಂದ ಇದೇ ಬಾಗಿಲು.
ನಮ್ಮ ನಂಬರು ಒಳಗಿಂದ ಹೇಗಿದೆಯೆಂದು
ನಾನು ಒಂದು ದಿನವೂ ನೋಡಿರಲಿಲ್ಲ.